ಯೂಗೆಂಡಾಮ್ಟ್ ಮತ್ತು ನಮ್ಮ ಮಕ್ಕಳು: ಜರ್ಮನಿಗೆ ಹೊಸದಾಗಿ ಬಂದ ಪೋಷಕರಿಗೆ

ಆತ್ಮೀಯರೇ,

ಈಚೆಗಷ್ಟೇ ಮ್ಯೂನಿಕ್‌ಗೆ ಬಂದಿರುವ ಸದಸ್ಯೆಯೊಬ್ಬರು, ಮೂರು ವರ್ಷದ ಮಗ ರಾತ್ರಿ ಹಟ ಹಿಡಿದು ಅತ್ತರೆ ನೆರೆಯವರು ಯೂಗೆಂಡಾಮ್ಟ್‌ಗೆ, ಅಂದರೆ ಇಲ್ಲಿನ ಮಕ್ಕಳ ಕಲ್ಯಾಣ ಕಚೇರಿಗೆ, ದೂರು ಕೊಟ್ಟು ಮಗುವನ್ನೇ ಕರೆದೊಯ್ಯುವಂತಾದೀತೇ ಎಂದು ಆತಂಕದಿಂದ ಕೇಳಿದ್ದಾರೆ. 2021ರಲ್ಲಿ ಬರ್ಲಿನ್‌ನಲ್ಲಿ ಭಾರತೀಯ ದಂಪತಿಯ ಹಸುಳೆಯನ್ನು ಸರ್ಕಾರ ವಶಕ್ಕೆ ಪಡೆದ ಪ್ರಕರಣವನ್ನು ನಾವ್ಯಾರೂ ಮರೆತಿಲ್ಲವಾದ್ದರಿಂದ ಈ ಭಯ ಸಹಜವೇ.

ಮಗು ಅತ್ತಿತೆಂಬ ಒಂದೇ ಕಾರಣಕ್ಕೆ ಕರೆದೊಯ್ಯಲು ಕಾನೂನಿನಲ್ಲಿ ಅವಕಾಶವಿಲ್ಲ. ಗಂಭೀರವಾದ ದೂರು ಬಂದಾಗ ಒಬ್ಬರೇ ಅಧಿಕಾರಿ ತೀರ್ಮಾನಿಸುವಂತಿಲ್ಲ. ಒಂದಕ್ಕಿಂತ ಹೆಚ್ಚು ತಜ್ಞರು ಸೇರಿ ಅಪಾಯ ಎಷ್ಟಿದೆಯೆಂದು ಅಳೆಯಬೇಕು, ಮಗುವಿನ ರಕ್ಷಣೆಗೆ ಧಕ್ಕೆಯಾಗದಿದ್ದರೆ ತಂದೆತಾಯಿಯನ್ನೂ ಮಗುವನ್ನೂ ಕೇಳಬೇಕು. ನೆರವಿನಿಂದ ಸರಿಹೋಗುವಂತಿದ್ದರೆ ನೆರವನ್ನೇ ಕೊಡಬೇಕು, ಉದಾಹರಣೆಗೆ ಮನೆಗೆ ಬಂದು ಕುಟುಂಬದ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತರನ್ನು ಒದಗಿಸಬೇಕು. ತುರ್ತು ಅಪಾಯವಿದ್ದು ಮಗುವನ್ನು ವಶಕ್ಕೆ ಪಡೆದರೂ, ಪೋಷಕರು ಒಪ್ಪದಿದ್ದಲ್ಲಿ ಮಗುವನ್ನು ಹಿಂತಿರುಗಿಸಬೇಕು, ಇಲ್ಲವೇ ತಡಮಾಡದೆ ಕೌಟುಂಬಿಕ ನ್ಯಾಯಾಲಯದ ಮೊರೆ ಹೋಗಬೇಕು.

ಆದರೆ "ಒಂದೇಟು ಕೊಟ್ಟರೆ ಏನಾಯಿತು, ನಾವು ಬೆಳೆಯಲಿಲ್ಲವೇ" ಎಂಬ ಮಾತನ್ನು ನಮ್ಮ ಗುಂಪಿನಲ್ಲೇ ಕೇಳಿದ್ದೇನೆ, ಅದನ್ನು ನಾನು ಒಪ್ಪಲಾರೆ. ಸ್ವೀಡನ್ 1979ರಲ್ಲೇ, ಜಗತ್ತಿನಲ್ಲಿ ಮೊದಲ ಬಾರಿಗೆ, ಮನೆಯೊಳಗಿನ ಹೊಡೆತವನ್ನೂ ನಿಷೇಧಿಸಿತು. ಜರ್ಮನಿ 2000ದಲ್ಲಿ ಹಿಂಸೆಯಿಲ್ಲದ ಪೋಷಣೆಯನ್ನು ಮಗುವಿನ ಹಕ್ಕೆಂದು ಕಾನೂನಿನಲ್ಲಿ ಬರೆಯಿತು, ಹೊಡೆತದ ಜೊತೆಗೆ ಅವಮಾನಿಸುವುದನ್ನೂ ನಿಷೇಧಿಸಿತು. ಭಾರತದಲ್ಲಿಯೂ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಮೇಷ್ಟ್ರ ಬೆತ್ತದ ಬರೆ ಅಂಗೈ ಮೇಲಿಂದ ಮಾಸಿರಬಹುದು, ಬಾಗಿಲ ಬಳಿ ಅವರ ಚಪ್ಪಲಿಯ ಸದ್ದಿಗೆ ಎದೆ ಹೊಡೆದುಕೊಳ್ಳುತ್ತಿದ್ದುದು ನನಗಿನ್ನೂ ನೆನಪಿದೆ.

ಇನ್ನು, ಆಸ್ಪತ್ರೆಯಲ್ಲಿ ಮಗುವಿಗೆ ಕೊಡುವ ಹಳದಿ ಪುಸ್ತಕವನ್ನು ಜೋಪಾನವಾಗಿಡಿ. ಹುಟ್ಟಿದಂದಿನಿಂದ ಸುಮಾರು ಐದು ವರ್ಷದವರೆಗೆ, ಯು1ರಿಂದ ಯು9ರವರೆಗಿನ ತಪಾಸಣೆಗಳನ್ನು ವೈದ್ಯರು ಅದರಲ್ಲೇ ದಾಖಲಿಸುತ್ತಾರೆ. ನಾವಿರುವ ಬವೇರಿಯಾದಲ್ಲಿ ಇವು ಕಡ್ಡಾಯ. ನಮ್ಮ ಮಗಳು ಹುಟ್ಟಿದಾಗ ಸೊಂಟದ ಕೆಳಗೆ ಅಂಗೈಯಗಲದ ನೀಲಿ ಮಚ್ಚೆಯಿತ್ತು. ನಮ್ಮ ಕಡೆಯ ಅನೇಕ ಶಿಶುಗಳಲ್ಲಿ ಇರುವ, ದೊಡ್ಡವರಾಗುತ್ತ ತಾನಾಗಿ ಮಾಸುವ ಈ ಮಚ್ಚೆ, ನೋಡಿ ಗೊತ್ತಿಲ್ಲದವರಿಗೆ ಪೆಟ್ಟಿನ ಗುರುತಿನಂತೆಯೇ ಕಾಣುತ್ತದೆ. ವೈದ್ಯೆ ಅದರ ಜಾಗವನ್ನೂ ಅಳತೆಯನ್ನೂ ಪುಸ್ತಕದಲ್ಲಿ ಬರೆದಿಟ್ಟರು. ಮುಂದೆ ಶಿಶುವಿಹಾರದಲ್ಲಿ ಡಯಪರ್ ಬದಲಿಸಿದ ಶಿಕ್ಷಕಿ ಸಂಕೋಚದಿಂದಲೇ ವಿಚಾರಿಸಿದಾಗ ಆ ಪುಟ ತೋರಿಸಿದೆ, ಮಾತು ಅಲ್ಲಿಗೇ ಮುಗಿಯಿತು. ಅವರು ಕೇಳಿದ್ದು ನನಗೆ ಬೇಸರವಾಗಲಿಲ್ಲ. ಕೇಳದೆ ಸುಮ್ಮನಿದ್ದಿದ್ದರೆ ಬೇಸರವಾಗುತ್ತಿತ್ತು.

ಭಾಷೆಯ ತೊಡಕು ಮಾತ್ರ ನಿಜವಾದ ಕಷ್ಟ. ಕಚೇರಿಯಿಂದ ಪತ್ರ ಬಂದರೆ ಅರೆಬರೆ ಜರ್ಮನ್‌ನಲ್ಲಿ ಉತ್ತರಿಸಬೇಡಿ, ದುಭಾಷಿ ಬೇಕೆಂದು ಬರವಣಿಗೆಯಲ್ಲೇ ಕೇಳಿ, ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ದಣಿದು ತಾಳ್ಮೆ ಕೆಟ್ಟಾಗ ಪೋಷಕರು 0800 111 0550 ಸಂಖ್ಯೆಗೆ ಹೆಸರು ಹೇಳದೆ, ಉಚಿತವಾಗಿ ಕರೆ ಮಾಡಬಹುದು. ಮಕ್ಕಳಿಗೆಂದೇ 116 111 ಇದೆ. ಅಪ್ಪ ಅಮ್ಮನ ಮೇಲಿನ ದೂರನ್ನೂ ಅಲ್ಲಿ ಹೇಳಿಕೊಳ್ಳಬಹುದು. ಏಳು ವರ್ಷದ ನಮ್ಮ ಮಗಳು ಆ ಸಂಖ್ಯೆಯನ್ನು ತಾನೇ ದಪ್ಪಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ.