ಇನ್‌ಚಾರ್ಜ್ ಸೀಟು ಖಾಲಿ ಆಗೋವರೆಗೂ ಕಾಯಬೇಕಾ? ರೇಡಿಯೋಗ್ರಾಫರ್ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಒಂಬತ್ತು ವರ್ಷದಿಂದ ಎಕ್ಸ್-ರೇ, ಸಿಟಿ ಎರಡರಲ್ಲೂ ಇದ್ದೀನಿ. ನರ್ಸಿಂಗ್‌ನವರಿಗೆ ಮೇಲೆ ಹತ್ತೋಕೆ ಮೆಟ್ಟಿಲುಗಳಿವೆ. ನಮ್ಮಲ್ಲಿ ಇನ್‌ಚಾರ್ಜ್ ನಿವೃತ್ತರಾಗಬೇಕು, ಆಮೇಲೆ ನಮ್ಮ ಸರದಿ. ಲೀಡರ್‌ಶಿಪ್ ಸರ್ಟಿಫಿಕೇಟ್ ಕೋರ್ಸ್ ಮಾಡಿದ್ರೆ ಉಪಯೋಗ ಇದೆಯಾ?

ಉತ್ತರ: ಕೋರ್ಸ್ ಬೇಡ ಅನ್ನಲ್ಲ, ಆದ್ರೆ ಮೊದಲು ಅದಲ್ಲ. ನಿಮ್ಮ ವಿಭಾಗದಲ್ಲಿ ಯಾರೂ ಮುಟ್ಟದ ಒಂದು ಕೆಲಸ ಹಿಡಿದುಕೊಳ್ಳಿ. ನಾನು ಹಿಡಿದಿದ್ದು ರಿಜೆಕ್ಟ್ ಅನಾಲಿಸಿಸ್, ಅಂದ್ರೆ ಸರಿಯಾಗಿ ಬರದೆ ಬಿಸಾಕಿದ ಇಮೇಜ್‌ಗಳು ಎಷ್ಟು, ಯಾಕೆ ಅಂತ ಲೆಕ್ಕ ಇಡೋದು. ಫಿಲ್ಮ್ ಕಾಲದಲ್ಲಿ ಹಾಳಾದದ್ದು ಕಣ್ಣೆದುರು ಡಬ್ಬದಲ್ಲಿ ಬಿದ್ದಿರ್ತಿತ್ತು. ಈಗ ಬಟನ್ ಒತ್ತಿದ್ರೆ ಇಮೇಜ್ ಮಾಯ. ರೋಗಿಗೆ ಬಿದ್ದ ಡೋಸ್ ಮಾತ್ರ ಹಾಗೇ ಉಳಿಯುತ್ತೆ.

ಲೆಕ್ಕ ತೆಗೆದಾಗ ನಮ್ಮಲ್ಲಿ ಜಾಸ್ತಿ ರಿಪೀಟ್ ಆಗ್ತಿದ್ದಿದ್ದು ಮೊಣಕಾಲಿನ ಲ್ಯಾಟರಲ್, ಅಂದ್ರೆ ಪಕ್ಕದಿಂದ ತೆಗೆಯೋ ಎಕ್ಸ್-ರೇ. ತೊಡೆಮೂಳೆಯ ಕೆಳತುದಿಯ ಎರಡು ಉಬ್ಬು (ಕಾಂಡೈಲ್) ಇಮೇಜಲ್ಲಿ ಒಂದರ ಮೇಲೊಂದು ಕೂರ್ತಾ ಇರಲಿಲ್ಲ. ಎಕ್ಸ್-ರೇ ಟ್ಯೂಬನ್ನು ರೋಗಿಯ ತಲೆ ಕಡೆಗೆ 5ರಿಂದ 7 ಡಿಗ್ರಿ ವಾಲಿಸೋದನ್ನೇ ಕೆಲವರು ಬಿಟ್ಟುಬಿಡ್ತಿದ್ರು. ಇಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದೆ: ಹೆಸರು ಸಮೇತ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಮುಂದಿನ ತಿಂಗಳು ಎಲ್ಲ ರಿಜೆಕ್ಟಿಗೂ ಒಂದೇ ಕಾರಣ, ‘ರೋಗಿ ಅಲುಗಾಡಿದರು’. ಇಬ್ಬರು ನನ್ನ ಜೊತೆ ಮಾತೇ ಬಿಟ್ರು. ಪಟ್ಟಿ ಕಿತ್ತೆ, ಹೆಸರು ತೆಗೆದೆ. ಪಾಳಿ ಬದಲಾಗೋ ಹೊತ್ತಲ್ಲಿ ಹತ್ತು ನಿಮಿಷ ಒಬ್ಬರನ್ನೊಬ್ಬರು ಟೇಬಲ್ ಮೇಲೆ ಮಲಗಿಸಿಕೊಂಡು ಪೊಸಿಷನಿಂಗ್ ಮಾಡಿ ನೋಡಿದ್ವಿ, ಟ್ಯೂಬ್ ಆನ್ ಮಾಡದೆ. ನಿಜವಾದ ಕಾರಣಗಳು ಮತ್ತೆ ದಾಖಲಾಗೋಕೆ ಶುರುವಾಗಿದ್ದು ಆಮೇಲೆ. ಇದನ್ನ ನನಗೆ ಯಾವ ಕ್ಲಾಸೂ ಕಲಿಸಿರಲಿಲ್ಲ.

ಅಳತೆಗೋಲು ಬೇಕಾದ್ರೆ, ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಎಎಪಿಎಂ ಡಿಜಿಟಲ್ ರೇಡಿಯೋಗ್ರಫಿಯಲ್ಲಿ ರಿಜೆಕ್ಟ್ ಪ್ರಮಾಣಕ್ಕೆ 8% ಗುರಿ, 10% ದಾಟಿದ್ರೆ ವಿಚಾರಿಸಿ ಅನ್ನುತ್ತೆ. ನಿಮ್ಮದು 1% ಬಂದ್ರೆ ಬೀಗಬೇಡಿ. ಕೆಟ್ಟ ಇಮೇಜನ್ನೂ ಸುಮ್ಮನೆ ಪಾಸ್ ಮಾಡ್ತಿರಬಹುದು.

ಇನ್ನೊಬ್ಬರು: ಇದೆಲ್ಲ ಸರಿ ಮೇಡಂ, ಆದ್ರೆ ಡಾಕ್ಟರುಗಳು ನಮ್ಮ ಮಾತಿಗೆ ಬೆಲೆ ಕೊಡ್ತಾರಾ?

ಉತ್ತರ: ಬಾಯಿಮಾತಿಗೆ ಕೊಡಲ್ಲ, ಕೆಲಸಕ್ಕೆ ಕೊಡ್ತಾರೆ. 1980ರ ದಶಕದಲ್ಲಿ ಬ್ರಿಟನ್‌ನ ರೇಡಿಯೋಗ್ರಾಫರುಗಳು ಫ್ರ್ಯಾಕ್ಚರ್ ಥರ ಏನಾದ್ರೂ ಅನುಮಾನ ಬಂದ ಫಿಲ್ಮ್ ಮೇಲೆ ಕೆಂಪು ಚುಕ್ಕಿ ಅಂಟಿಸಿ ಕ್ಯಾಶುವಾಲ್ಟಿ ಡಾಕ್ಟರಿಗೆ ಕಳಿಸೋಕೆ ಶುರು ಮಾಡಿದ್ರು. ಅಷ್ಟೇ, ಒಂದು ಚುಕ್ಕಿ. ಇವತ್ತು ಅಲ್ಲಿ ತರಬೇತಿ ಪಡೆದ ರೇಡಿಯೋಗ್ರಾಫರುಗಳು ರಿಪೋರ್ಟ್ ಬರೀತಾರೆ, ಕನ್ಸಲ್ಟೆಂಟ್ ರೇಡಿಯೋಗ್ರಾಫರ್ ಅನ್ನೋ ಹುದ್ದೆಯೇ ಇದೆ. ಆ ಹುದ್ದೆಗೆ ಕ್ಲಿನಿಕಲ್ ಕೆಲಸ, ನಾಯಕತ್ವ, ಬೋಧನೆ, ಸಂಶೋಧನೆ ನಾಲ್ಕೂ ಬೇಕು.

ರೇಡಿಯೇಷನ್ ಸುರಕ್ಷತಾ ಸಮಿತಿಯಲ್ಲಿ ಜಾಗ ಕೇಳಿ. ಇಂಟರ್ನಿಗಳನ್ನ ನಿಮ್ಮ ಜೊತೆ ಹಾಕಿಸಿಕೊಳ್ಳಿ. ಡ್ಯೂಟಿ ಲಿಸ್ಟ್ ಹಾಕೋ ಕೆಲಸ ಬಂದ್ರೆ ತಪ್ಪಿಸಿಕೊಳ್ಳಬೇಡಿ, ಎಲ್ಲರ ಬೈಗುಳ ಸಿಗೋದೇ ಅಲ್ಲಿ! ಕೋರ್ಸ್ ಸೇರೋದಾದ್ರೆ ನಿಮ್ಮ ವಿಭಾಗದ್ದೇ ಪ್ರಾಜೆಕ್ಟ್ ಮಾಡಿಸೋದನ್ನ ಆರಿಸಿ. ಬರೀ ಸ್ಲೈಡ್ ತೋರಿಸೋದಕ್ಕೆ ದುಡ್ಡು ಸುರಿಯಬೇಡಿ.

ಪ್ರಶ್ನೆ ಕೇಳಿದವರು: ನಮ್ಮ ಮಷೀನ್‌ನ ಕನ್ಸೋಲ್ (ಇಮೇಜ್ ನೋಡೋ ಕಂಪ್ಯೂಟರ್) ರಿಜೆಕ್ಟಿಗೆ ಕಾರಣವನ್ನೇ ಕೇಳಲ್ಲ ಮೇಡಂ.

ಉತ್ತರ: ಎಷ್ಟೋ ಮಷೀನ್‌ಗಳಲ್ಲಿ ಆ ಆಯ್ಕೆ ಇರುತ್ತೆ, ಆನ್ ಮಾಡಿರಲ್ಲ. ಸರ್ವಿಸ್ ಎಂಜಿನಿಯರ್ ಬಂದಾಗ ಕೇಳಿ. ಅಲ್ಲೀವರೆಗೆ ಒಂದು ನೋಟ್‌ಬುಕ್ ಸಾಕು: ತಾರೀಖು, ವ್ಯೂ, ರೂಮ್, ಕಾರಣ. ಹೆಸರಿನ ಕಾಲಂ ಬೇಡ.