ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಎಂಪಿ ಶಿಫಾರಸು ಪತ್ರ ಬೇಕಾ? ಮಗಳು ಪ್ರಥಮ ಪಿಯುಸಿ, ಮಂಡ್ಯ

ಮಂಡ್ಯದ ಅಪ್ಪ:
ಮಗಳು ಪಿಸಿಎಂಬಿ ಓದ್ತಿದ್ದಾಳೆ. ಖಡಕ್‌ವಾಸ್ಲಾದ ಎನ್‌ಡಿಎಗೇ ಹೋಗಬೇಕು, ಪೈಲಟ್ಟೇ ಆಗಬೇಕು ಅಂತ ಹಟ. ಅಮೆರಿಕದಲ್ಲಿರೋ ನೆಂಟರು ಅಲ್ಲಿ ಸೇನಾ ಅಕಾಡೆಮಿ ಸೇರೋಕೆ ಜನಪ್ರತಿನಿಧಿಯ ನಾಮನಿರ್ದೇಶನ ಬೇಕು, ನೀವೂ ಈಗಲೇ ಎಂಪಿಯವರನ್ನ ಕಾಣಿ ಅಂತಿದ್ದಾರೆ. ಇಲ್ಲೂ ಹಾಗೇನಾ? ಅರ್ಜಿ ಯಾವಾಗ? ಸಿಇಟಿಗೆ ಓದಿದ್ದೇ ಸಾಕಾ? ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಕನ್ನಡಕ ಇದೆ, ಸಣ್ಣ ಮೈನಸ್ ನಂಬರ್.

ಕುವೆಂಪುನಗರ ಮಾವ:
ಯಾರ ಪತ್ರವೂ ಬೇಡ ಸರ್. ನೆಂಟರು ಹೇಳಿದ್ದು ವೆಸ್ಟ್ ಪಾಯಿಂಟ್, ಅನ್ನಾಪೊಲಿಸ್ ಕಡೆಯ ಪದ್ಧತಿ. ಅಲ್ಲಿ ಒಬ್ಬ ಸಂಸದರ ಲೆಕ್ಕದಲ್ಲಿ ಒಂದೊಂದು ಅಕಾಡೆಮಿಯಲ್ಲಿ ಒಂದು ಹೊತ್ತಿಗೆ ಐದು ಜನ ಇರಬಹುದು, ಅದಕ್ಕೇ ಪೈಪೋಟಿ. ನಮ್ಮಲ್ಲಿ ಯುಪಿಎಸ್‌ಸಿ ಲಿಖಿತ ಪರೀಕ್ಷೆಗೆ 900 ಅಂಕ, ಎಸ್‌ಎಸ್‌ಬಿಗೆ, ಅಂದ್ರೆ ಸೇನಾ ಆಯ್ಕೆ ಮಂಡಳಿಯ ಸಂದರ್ಶನಕ್ಕೆ, 900, ಆಮೇಲೆ ಮೆಡಿಕಲ್. ಪ್ರಭಾವ ಬೀರೋಕೆ ಹೋದರೆ ಅಭ್ಯರ್ಥಿಯನ್ನೇ ಅನರ್ಹ ಮಾಡೋ ನಿಯಮ ಇದೆ. ಆ ದಾರಿ ಬಿಟ್ಟುಬಿಡಿ.

ಪ್ರಥಮ ಪಿಯುಸಿಯಲ್ಲಿ ಅರ್ಜಿ ಹಾಕೋಕೆ ಬರಲ್ಲ, ದ್ವಿತೀಯ ಪಿಯುಸಿಯಲ್ಲಿ ಇರಬೇಕು. ಪರೀಕ್ಷೆ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್. ಏಪ್ರಿಲ್ ಪರೀಕ್ಷೆಯ ಅಧಿಸೂಚನೆ ಡಿಸೆಂಬರ್ ಹೊತ್ತಿಗೇ ಬಂದಿರುತ್ತೆ. ವಯಸ್ಸು ಅಂದಾಜು 16½ರಿಂದ 19½. ಆದರೆ ಅಧಿಸೂಚನೆಯಲ್ಲಿ ಹುಟ್ಟಿದ ದಿನಾಂಕದ ಗಡಿ ಕೊಟ್ಟಿರ್ತಾರೆ, ಒಂದು ದಿನ ಆಚೀಚೆ ಆದರೂ ಆಗಲ್ಲ. ಹುಡುಗಿಯರಿಗೆ 100 ರೂಪಾಯಿ ಶುಲ್ಕವೂ ಇಲ್ಲ.

ನಮ್ಮ ಕಡೆ ಮಕ್ಕಳು ಎಡವೋದು ಇನಿಷಿಯಲ್‌ನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಎರಡಕ್ಷರ, ಆಧಾರ್‌ನಲ್ಲಿ ಊರು, ಅಪ್ಪನ ಹೆಸರು ಪೂರ್ತಿ. ಅರ್ಜಿಯಲ್ಲಿ ಅಂಕಪಟ್ಟಿಯಲ್ಲಿ ಇರೋ ಹಾಗೇ ಹಾಕಿ, ಆಧಾರನ್ನ ಅದಕ್ಕೆ ಹೊಂದೋ ಹಾಗೆ ಈ ವರ್ಷವೇ ತಿದ್ದಿಸಿ. ಲಿಖಿತದಲ್ಲಿ ಪಾಸಾದ ಮೇಲೆ ಇನ್ನೊಂದು ಕೆಲಸ ಇದೆ: ಎರಡು ವಾರದೊಳಗೆ ಸೇನೆಯ ನೇಮಕಾತಿ ವೆಬ್‌ಸೈಟ್‌ನಲ್ಲಿ ನೋಂದಾಯಿಸಬೇಕು. ಅದು ಮಾಡದಿದ್ದರೆ ಎಸ್‌ಎಸ್‌ಬಿ ಕರೆ ಬರಲ್ಲ.

ಗಣಿತ ಮೇಷ್ಟ್ರು, ಮೈಸೂರು:
ಸಿಇಟಿ ಅಭ್ಯಾಸ ಅರ್ಧ ಸಹಾಯ, ಅರ್ಧ ತೊಂದರೆ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯಲ್ಲ, ಗೊತ್ತಿಲ್ಲದ್ದಕ್ಕೂ ಉತ್ತರದ ವೃತ್ತ ತುಂಬಿ ಬರೋದೇ ರೂಢಿ. ಎನ್‌ಡಿಎ ಗಣಿತದಲ್ಲಿ 120 ಪ್ರಶ್ನೆ, 150 ನಿಮಿಷ, ಸರಿಗೆ 2.5, ತಪ್ಪಿಗೆ 0.83 ಕಡಿತ. ಕಣ್ಣುಮುಚ್ಚಿ ಗುರುತಿಸಿದರೆ ಲೆಕ್ಕಕ್ಕೆ ನಾಲ್ಕರಲ್ಲಿ ಒಂದು ಸರಿ, ಮೂರು ತಪ್ಪು, ಬಂದ 2.5 ಹಾಗೇ ವಾಪಸ್ ಹೋಯ್ತು. ಎರಡು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಾದರೆ ಮಾತ್ರ ಗುರುತಿಸಲಿ.

ಜನ ಕಡೆಗಣಿಸೋದು ಎರಡನೇ ಪತ್ರಿಕೆಯನ್ನ. ಅದು 600 ಅಂಕ, ಗಣಿತದ ಎರಡರಷ್ಟು. ಇಂಗ್ಲಿಷ್ 200. ಉಳಿದ 400ರಲ್ಲಿ ಭೌತಶಾಸ್ತ್ರ ಸುಮಾರು 100, ರಸಾಯನ 60, ಸಾಮಾನ್ಯ ವಿಜ್ಞಾನ 40, ಇತಿಹಾಸ 80, ಭೂಗೋಳ 80, ಪ್ರಚಲಿತ 40. ಪಿಸಿಎಂಬಿ ಮಕ್ಕಳು ಎಸ್‌ಎಸ್‌ಎಲ್‌ಸಿ ಆದ ದಿನವೇ ಇತಿಹಾಸ, ಭೂಗೋಳ ಕಟ್ಟಿಡ್ತಾರೆ, 160 ಅಂಕ ಅಲ್ಲೇ ಇದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಅದಕ್ಕೇ 8, 9, 10ರ ಸಮಾಜ ಪುಸ್ತಕಗಳ ಇಂಗ್ಲಿಷ್ ಆವೃತ್ತಿ ತಂದುಕೊಡಿ. ವಿಷಯ ಗೊತ್ತಿರೋದೇ, ಪದ ಮಾತ್ರ ಹೊಸದು.

ಮಂಡ್ಯದ ಅಪ್ಪ:
ಉಪಕಾರ ಸರ್. ಎಸ್‌ಎಸ್‌ಬಿ ಮೈಸೂರಲ್ಲೇ ಆಗುತ್ತಾ?

ಮಾಜಿ ವಾಯುಸೈನಿಕ:
ಮೈಸೂರಲ್ಲಿ ವಾಯುಪಡೆಯ ಆಯ್ಕೆ ಮಂಡಳಿ ಇದೆ, ಹಾಗಂತ ಮನೆ ಹತ್ತಿರ ಅಂತ ಅಲ್ಲಿಗೇ ಹಾಕಲ್ಲ. ಡೆಹ್ರಾಡೂನ್, ವಾರಾಣಸಿ ಎಲ್ಲಿಗಾದ್ರೂ ಕರೀಬಹುದು. ಒಟ್ಟು ಐದು ದಿನ, ಆದರೆ ಮೊದಲ ದಿನವೇ ಬಹಳ ಜನ ಮನೆಗೆ. ಮಸುಕಾದ ಒಂದು ಚಿತ್ರ 30 ಸೆಕೆಂಡ್ ತೋರಿಸ್ತಾರೆ. ಪಾತ್ರಗಳು ಎಷ್ಟು, ಗಂಡೋ ಹೆಣ್ಣೋ, ವಯಸ್ಸು, ಮನಃಸ್ಥಿತಿ ಗುರುತು ಹಾಕಿ ಕಥೆ ಬರೀಬೇಕು. ಆಮೇಲೆ ಗುಂಪಿನಲ್ಲಿ ಕೂತು ಒಬ್ಬೊಬ್ಬರೇ ಹೇಳಬೇಕು, ಕೊನೆಗೆ ಎಲ್ಲರೂ ಸೇರಿ ಒಂದು ಕಥೆ ಒಪ್ಪಬೇಕು. ಆ ಗದ್ದಲದಲ್ಲಿ ಬಾಯೇ ಬಿಡದವರಿಗೂ ಕಷ್ಟ, ಕಿರುಚೋರಿಗೂ ಕಷ್ಟ.

ಮನಶ್ಶಾಸ್ತ್ರ ಪರೀಕ್ಷೆಯಲ್ಲಿ 60 ಪದ, ಒಂದಕ್ಕೆ 15 ಸೆಕೆಂಡ್. ‘ಸೋಲು’ ಅನ್ನೋ ಅರ್ಥದ ಪದ ಬಂತು ಅಂದ್ಕೊಳ್ಳಿ, ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿದವರೆಲ್ಲ ‘ಸೋಲೇ ಗೆಲುವಿನ ಮೆಟ್ಟಿಲು’ ಅಂತಲೇ ಬರೀತಾರೆ. ಅದರಿಂದ ಪರೀಕ್ಷಕರಿಗೆ ನಿಮ್ಮ ಮಗಳ ಬಗ್ಗೆ ಏನೂ ತಿಳಿಯಲ್ಲ. ‘ತಂಡ ಸೋತ ಮೇಲೆ ನಾಯಕಿ ಅಭ್ಯಾಸದ ವೇಳೆ ಬದಲಿಸಿದಳು’ ಅಂತ ಆಗೋ ಕೆಲಸ ಬರೀಲಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು, ತಡವರಿಸದೆ ಮಾತಾಡಬೇಕು. ದಿನಾ ಒಂದು ವಿಷಯ ತಗೊಂಡು ಮನೆಯವರ ಮುಂದೆ ನಿಂತು ಮೂರು ನಿಮಿಷ ಮಾತಾಡಿಸಿ.

ಪೈಲಟ್ ಆಯ್ಕೆಯ ಕಂಪ್ಯೂಟರ್ ಪರೀಕ್ಷೆ, ಸಿಪಿಎಸ್‌ಎಸ್, ಜೀವಮಾನಕ್ಕೆ ಒಂದೇ ಸಲ. ಫೇಲಾದರೆ ಫ್ಲೈಯಿಂಗ್ ಬಾಗಿಲು ಮುಚ್ಚಿತು, ಬೇರೆ ಶಾಖೆಗಳು ತೆರೆದೇ ಇರ್ತವೆ.

ಕುವೆಂಪುನಗರ ಮಾವ:
ಕನ್ನಡಕದ ವಿಷಯ ಯಾರೂ ಹೇಳಲಿಲ್ಲ, ಅದೇ ಮೊದಲು ನೋಡಬೇಕಾದ್ದು. ಮೈನಸ್ ನಂಬರ್ ಇದ್ದರೆ ಎನ್‌ಡಿಎ ಮೂಲಕ ಫ್ಲೈಯಿಂಗ್ ಸಿಗಲ್ಲ ಅಂತಲೇ ಇಟ್ಕೊಳ್ಳಿ. ಭೂಸೇನೆ, ವಾಯುಪಡೆಯ ಗ್ರೌಂಡ್ ಡ್ಯೂಟಿಗೆ ಮಿತಿಯೊಳಗಿನ ಕನ್ನಡಕ ನಡೆಯುತ್ತೆ. ಲೇಸರ್ ಮಾಡಿಸಿ ತೆಗೆಸೋಣ ಅಂತ ಯಾರಾದ್ರೂ ಹೇಳಿದರೆ ಒಪ್ಪಬೇಡಿ. 20 ವರ್ಷಕ್ಕೆ ಮೊದಲು ಆ ಶಸ್ತ್ರಚಿಕಿತ್ಸೆ ಆಗಿದ್ದರೆ ಮೆಡಿಕಲ್‌ನಲ್ಲಿ ಅನರ್ಹ. ಈ ತಿಂಗಳೇ ಕಣ್ಣಿಗೆ ಡ್ರಾಪ್ಸ್ ಹಾಕಿಸಿ ಸರಿಯಾದ ನಂಬರ್ ತೆಗೆಸಿ, ಬಣ್ಣ ಗುರುತಿಸೋ ಪರೀಕ್ಷೆಯನ್ನೂ ಮಾಡಿಸಿ. ಯಾವ ಸೇನೆ ಮೊದಲು ಅಂತ ಅರ್ಜಿಯಲ್ಲಿ ತುಂಬೋದು ಆ ವರದಿ ಕೈಗೆ ಬಂದ ಮೇಲೆ.