ಅಪ್‌ಡೇಟ್: ಪ್ರಾಜೆಕ್ಟೂ ಮುಗಿಯಿತು, ಜರ್ಮನಿಯ ಆಸೆಯೂ ಉಳಿಯಿತು

ಕೊನೆಯ ವರ್ಷದ ಪ್ರಾಜೆಕ್ಟು, ಜರ್ಮನಿಯ ಮಾಸ್ಟರ್ಸ್ ಅರ್ಜಿ ಎರಡನ್ನೂ ಒಟ್ಟಿಗೆ ತೂಗಿಸಬಹುದಾ ಅಂತ ಮಾರ್ಚ್‌ನಲ್ಲಿ ಕೇಳಿದ್ದೆ. ಕುಂಬಳೆಯಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವ ಗ್ರಾಫಿಕ್ ಡಿಸೈನ್ ವಿದ್ಯಾರ್ಥಿನಿ ನಾನು. "ಕಾಲೇಜಿನ ಕೆಲಸವನ್ನೇ ಪೋರ್ಟ್‌ಫೋಲಿಯೋ (ಅರ್ಜಿಯ ಜೊತೆ ಕೊಡುವ ಕೆಲಸಗಳ ಸಂಗ್ರಹ) ಮಾಡು" ಅಂತ ಒಬ್ಬರು ಅಕ್ಕ ಹೇಳಿದ್ದರು. ಆ ಮಾತೇ ಕೈಹಿಡಿಯಿತು.

ನಮ್ಮೂರಿನ ಬೋರ್ಡುಗಳನ್ನೇ ವಿಷಯ ಮಾಡಿಕೊಂಡೆ. ಕಾಸರಗೋಡಿನಲ್ಲಿ ಎಷ್ಟೋ ಬೋರ್ಡುಗಳಲ್ಲಿ ಮಲಯಾಳ, ಕನ್ನಡ, ಇಂಗ್ಲಿಷ್ ಮೂರೂ ಇರುತ್ತವೆ, ಅಲ್ವಾ? ಮೂರಕ್ಕೂ ಸಾಲುಗಳ ನಡುವೆ ಒಂದೇ ಅಂತರ ಕೊಟ್ಟರೆ ಪೆಟ್ಟು ಬೀಳುವುದು ಕನ್ನಡಕ್ಕೆ. 'ಲಕ್ಷ್ಮಿ' ಅಂತ ಬರೆದು ನೋಡಿ. ಷ, ಮ ಎರಡೂ ಒತ್ತಾಗಿ ಕೆಳಗಿಳಿದು ಮುಂದಿನ ಸಾಲಿಗೆ ತಾಗುತ್ತವೆ. ಜಾಗ ಸಾಲದೆ ಕೊನೆಗೆ ಕನ್ನಡವನ್ನೇ ಚಿಕ್ಕದು ಮಾಡಿಬಿಡುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಬೋರ್ಡ್ ಬರೆಯುವ ಹಿರಿಯರೊಬ್ಬರು ಬ್ರಷ್ಷಿನಲ್ಲಿ ಒತ್ತನ್ನು ತುಸು ಬಲಕ್ಕೆ ಎಳೆದು ಜಾಗ ಮಾಡುವುದನ್ನು ತೋರಿಸಿಕೊಟ್ಟರು. ಹನ್ನೆರಡು ಪುಟ ಅದರ ಮೇಲೆಯೇ ಆಯಿತು! ಸೋಮವಾರ ಸಬ್ಮಿಟ್ ಮಾಡಿದೆ.

ದುಡ್ಡಿನ ಭಾರ ಮಾತ್ರ ಜಾಸ್ತಿಯೇ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಆದರೆ ವೀಸಾಗೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) ಒಂದು ವರ್ಷದ ಖರ್ಚಿಗೆಂದು 11,904 ಯೂರೋ ಇಡಬೇಕು. ತೋಟದ ಮೇಲೆ ಸಾಲ ತೆಗೆಯುತ್ತೇನೆ ಅಂತ ಅಪ್ಪ ಅಂದರು. ಬೇಡ ಅಂದೆ. ಅಡಿಕೆ ಮರಗಳನ್ನು ಅವರು ಮಕ್ಕಳ ಹಾಗೆ ನೋಡಿಕೊಂಡಿದ್ದಾರೆ.

ಹಾಗಾಗಿ ಒಂದು ವರ್ಷ ಮಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಅಷ್ಟರಲ್ಲಿ, ನಮ್ಮ ಅಂಕಪಟ್ಟಿ, ಪದವಿ ಅಸಲಿ ಅಂತ ಜರ್ಮನಿಯ ವೀಸಾಗೆ ತೋರಿಸಬೇಕಾದ ಎಪಿಎಸ್ ಸರ್ಟಿಫಿಕೇಟನ್ನೂ ಮಾಡಿಸಿಕೊಳ್ಳುತ್ತೇನೆ. ಆ ಅಕ್ಕ ಇದನ್ನು ಓದುತ್ತಿದ್ದರೆ, ತುಂಬಾ ಥ್ಯಾಂಕ್ಸ್ ಅಕ್ಕಾ.